ರೋಮ್‌ಗೆ ಹೊರಟಿದ್ದೀರಾ? ಬರೀ ಫೋಟೊಗೆ ಹೋಗಬೇಡಿ!

ನಿಮ್ಮ ಪರಿಚಯದವರು ಯಾರಾದರೂ ಯುರೋಪ್ ಟೂರ್ ಮುಗಿಸಿ ಬಂದಿದ್ದರೆ ಆ ಫೋಟೊ ನೀವು ನೋಡಿಯೇ ಇರುತ್ತೀರಿ. ಹಿಂದೆ ಕೊಲೋಸಿಯಂ. ಮುಂದೆ ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಹೊಚ್ಚಹೊಸ ಬಿಳಿ ಶೂ, ಪಕ್ಕದಲ್ಲಿ ಕ್ಯಾಪ್ ಹಾಕಿಕೊಂಡ ಯಜಮಾನರು. ‘ಹೇಗಿತ್ರೀ ರೋಮ್?’ ಅಂತ ಕೇಳಿ ನೋಡಿ. ‘ತುಂಬಾ ಚೆನ್ನಾಗಿತ್ತು, ಬಿಸಿಲು ಸ್ವಲ್ಪ ಜಾಸ್ತಿ’ ಅಂತಾರೆ. ಇನ್ನೊಂದು ಪ್ರಶ್ನೆ ಕೇಳಿದಿರೋ, ಮಾತು ಊಟದ ಕಡೆ ತಿರುಗುತ್ತದೆ.

ಅವರನ್ನು ನೋಡಿ ನಗಬೇಡಿ. ಅಂಥದೇ ಫೋಟೊ ನಮ್ಮ ಮನೆಯ ಶೋಕೇಸಿನಲ್ಲೂ ಇದೆ. ಯಜಮಾನರ ನಿವೃತ್ತಿಯ ದುಡ್ಡಿನಲ್ಲಿ ಹೋದ ಪ್ಯಾಕೇಜ್ ಟೂರ್ ಅದು. ರೋಮ್‌ಗೆ ಸಿಕ್ಕಿದ್ದು ಒಂದು ಬೆಳಗ್ಗೆ, ಒಂದು ಮಧ್ಯಾಹ್ನ. ಕೊಲೋಸಿಯಂ ಮುಂದೆ ಬಸ್ಸು ನಿಂತಿದ್ದು ಇಪ್ಪತ್ತು ನಿಮಿಷ, ಅದರಲ್ಲಿ ಹತ್ತು ನಿಮಿಷ ಟಾಯ್ಲೆಟ್ ಹುಡುಕುವುದರಲ್ಲೇ ಹೋಯ್ತು. ಆಮೇಲೆ ದಾಲ್, ಜೀರಾ ರೈಸ್ ಊಟ, ಸಂಜೆಗೆ ಮುಂದಿನ ಊರು. ಮನೆಗೆ ಬಂದಮೇಲೆ ಮೊಮ್ಮಗ ಫೋಟೊ ನೋಡಿ, ‘ಅಜ್ಜಿ, ಇದರ ಒಳಗೆ ಏನಿದೆ?’ ಅಂದ. ನನಗೆ ಉತ್ತರ ಗೊತ್ತಿರಲಿಲ್ಲ. ಅಷ್ಟು ಲಕ್ಷ ಸುರಿದು ಬಂದವಳಿಗೆ ಒಂದು ಮಗುವಿನ ಪ್ರಶ್ನೆಗೆ ಹೇಳಲು ಒಂದು ಮಾತಿರಲಿಲ್ಲ ನೋಡಿ, ಅದು ಮನಸ್ಸಿಗೆ ಚುಚ್ಚಿತು. ಹಲವು ವರ್ಷ ಕಳೆದು ಓರಗಿತ್ತಿಯ ಜೊತೆ ಮತ್ತೆ ಹೋದೆ. ಈ ಸಲ ನಾಲ್ಕು ದಿನ, ನಮ್ಮಿಬ್ಬರದೇ ಲೆಕ್ಕಾಚಾರ. ಆಗ ಕಲಿತದ್ದನ್ನು ನಿಮಗೆ ಹೇಳ್ತೀನಿ. ನಿಮ್ಮ ಮನೆಯಲ್ಲೂ ಇಂಥ ಯೋಜನೆ ನಡೀತಿದ್ದರೆ ಹಣ ಕಟ್ಟುವ ಮುಂಚೆ ಓದಿಕೊಳ್ಳಿ.

ದುಡ್ಡು ಕಟ್ಟುವ ಮೊದಲು

ಟೂರ್ ಕಂಪನಿಯವರು ಕೊಡುವ ಬಣ್ಣದ ಪುಸ್ತಕದಲ್ಲಿ ಜಾಗದ ಹೆಸರು ನೋಡಿದರೆ ಸಾಲದು, ಅದರ ಪಕ್ಕದ ಮಾತು ನೋಡಿ. ‘ಫೋಟೊ ಸ್ಟಾಪ್’, ‘ಹೊರಗಿನಿಂದ ವೀಕ್ಷಣೆ’, ‘ಬಸ್ಸಿನಿಂದ ನಗರ ದರ್ಶನ’ ಅಂತ ಇದ್ದರೆ ಒಳಗೆ ಬಿಡಲ್ಲ ಅಂತಲೇ ಅರ್ಥ. ‘ಪ್ರವೇಶ ಟಿಕೆಟ್ ಸೇರಿದೆ’ ಅಂತ ಅಕ್ಷರದಲ್ಲಿ ಬರೆದುಕೊಡಿ ಅಂತ ಕೇಳಿ. ಸಂಕೋಚ ಬೇಡ. ತರಕಾರಿಯವನ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡುವ ನಾವು ಇಲ್ಲಿ ಯಾಕೆ ಬಾಯಿ ಮುಚ್ಚಿಕೊಂಡಿರಬೇಕು? ಹೋಟೆಲ್ ಊರೊಳಗಿದೆಯೋ, ಊರಾಚೆ ಹೆದ್ದಾರಿಯ ಪಕ್ಕದಲ್ಲಿದೆಯೋ ಅಂತಲೂ ಕೇಳಿ. ಊರಾಚೆ ಇದ್ದರೆ ನಿಮ್ಮ ಸಂಜೆಗಳೆಲ್ಲ ರೂಮಿನಲ್ಲೇ.

ಟೂರಿನ ಕೊನೆಯ ಊರು ರೋಮ್ ಆಗಿದ್ದರೆ ಇನ್ನೊಂದು ದಾರಿಯಿದೆ. ವಾಪಸ್ ವಿಮಾನವನ್ನು ಮೂರು ದಿನ ಮುಂದಕ್ಕೆ ಹಾಕಿಸಿಕೊಂಡು ಅಲ್ಲೇ ಉಳಿಯಬಹುದು. ಆದರೆ ಇದನ್ನು ವೀಸಾಗೆ ಅರ್ಜಿ ಹಾಕುವ ಮೊದಲೇ ನಿರ್ಧರಿಸಬೇಕು, ಯಾಕಂದ್ರೆ ಷೆಂಗೆನ್ ವೀಸಾದಲ್ಲಿ ದಿನಗಳ ಲೆಕ್ಕ ಬರೆದೇ ಕೊಡುತ್ತಾರೆ. ಹೆಚ್ಚು ದಿನ ಯಾವ ದೇಶದಲ್ಲಿರುತ್ತೀರೋ ಆ ದೇಶದ ಮೂಲಕ ಅರ್ಜಿ ಹಾಕುವುದು ನಿಯಮ. ದೊಡ್ಡವರಿಗೆ ವೀಸಾ ಶುಲ್ಕ 2024ರ ಜೂನ್‌ನಲ್ಲಿ 90 ಯೂರೋಗೆ ಏರಿತು, ಏಜೆಂಟರ ಖರ್ಚು ಬೇರೆ. ಕನಿಷ್ಠ 30 ಸಾವಿರ ಯೂರೋ ಮೊತ್ತದ ಪ್ರವಾಸಿ ಆರೋಗ್ಯ ವಿಮೆ ಕಡ್ಡಾಯ. ಬಿಪಿ, ಶುಗರ್ ಇದ್ದವರು ಅದನ್ನು ವಿಮೆಯ ಅರ್ಜಿಯಲ್ಲಿ ಮುಚ್ಚಿಡಬೇಡಿ.

ಕಾಲ ಯಾವುದು ಒಳ್ಳೆಯದು ಅಂದ್ರೆ ಏಪ್ರಿಲ್, ಮೇ ಇಲ್ಲವೇ ಅಕ್ಟೋಬರ್. ಜುಲೈ-ಆಗಸ್ಟ್ ಬೇಡವೇ ಬೇಡ. ಕಲ್ಲಿನ ಊರು, ಕಾದ ಹೆಂಚು!

ಇನ್ನು ಕಾಲಿನ ವಿಷಯ. ರೋಮ್ ಬೀದಿಗಳಿಗೆ ಹಾಸಿರುವುದು ಅಂಗೈಯಗಲದ ಕಪ್ಪು ಕಲ್ಲುಗಳು. ಒಂದು ಮೇಲೆ, ಒಂದು ಕೆಳಗೆ. ಹಿಮ್ಮಡಿ ಎತ್ತರದ ಚಪ್ಪಲಿ ಅಲ್ಲಿ ಅರ್ಧ ದಿನವೂ ಬಾಳಲ್ಲ. ಹೊಸ ಶೂ ಹಾಕಿಕೊಂಡು ಹೋದ ನನ್ನ ಗತಿ ಹೇಳೋದೇ ಬೇಡ ಬಿಡಿ. ಒಂದು ತಿಂಗಳು ಮುಂಚೆಯೇ ಕೊಂಡು, ದಿನಾ ಪಾರ್ಕಿನಲ್ಲಿ ಹಾಕಿಕೊಂಡು ನಡೆದು ಹದ ಮಾಡಿಕೊಳ್ಳಿ. ಸೀರೆಯನ್ನೇ ಉಡುವವರು ಅಂಚು ಸ್ವಲ್ಪ ಎತ್ತರಕ್ಕೆ ಉಡಿ. ಚೂಡಿದಾರ್ ಆದರೆ ಇನ್ನೂ ಆರಾಮ.

ಕೊಲೋಸಿಯಂ ಒಳಗೆ ಏನಿದೆ?

ಮೊಮ್ಮಗನಿಗೆ ಹೇಳಬೇಕಿದ್ದ ಉತ್ತರ ಇಲ್ಲಿದೆ. ನೀರೋ ಚಕ್ರವರ್ತಿ ತನ್ನ ಅರಮನೆಗಾಗಿ ಮಾಡಿಸಿಕೊಂಡಿದ್ದ ಕೆರೆಯ ಜಾಗ ಅದು. ಅವನು ಸತ್ತಮೇಲೆ ಬಂದ ವೆಸ್ಪಾಸಿಯನ್ ಅಲ್ಲಿ ಜನರಿಗಾಗಿ ಆಟದ ಕಟ್ಟಡ ಶುರು ಮಾಡಿಸಿದ, ಕ್ರಿ.ಶ. 80ರಲ್ಲಿ ಅವನ ಮಗ ಟೈಟಸ್ ಉದ್ಘಾಟಿಸಿದ. ಸುಮಾರು 50 ಸಾವಿರ ಜನ ಕೂರುವ ಜಾಗ. ಬಿಸಿಲಿಗೆ ಮೇಲೆ ಬಟ್ಟೆಯ ಚಪ್ಪರ, ಅದನ್ನು ಎಳೆದು ಕಟ್ಟಲು ನೌಕಾಪಡೆಯ ಜನ! ನೆಲದ ಕೆಳಗೆ ಗೂಡುಗಳ ಸಾಲು. ಸಿಂಹ, ಕರಡಿಗಳನ್ನು ಕೆಳಗಿನಿಂದ ಹಗ್ಗ-ರಾಟೆಯ ಲಿಫ್ಟಿನಲ್ಲಿ ಮೇಲೆತ್ತಿ ಕಣಕ್ಕೆ ಬಿಡುತ್ತಿದ್ದರು. ಇವತ್ತು ಮರಳಿನ ಹಾಸು ಹೋಗಿ ಆ ಗೂಡುಗಳೇ ಕಾಣುತ್ತವೆ. ಕಮಾನುಗಳ ಮೇಲೆ ಕೆತ್ತಿದ ಅಂಕಿಗಳನ್ನು ನೋಡಿ, ಅವು ಗೇಟ್ ನಂಬರ್. ನಮ್ಮ ಸ್ಟೇಡಿಯಂ ಟಿಕೆಟಿನಲ್ಲಿ ಇರುತ್ತದಲ್ಲ, ಹಾಗೇ.

ಗೋಡೆ ತುಂಬ ತೂತುಗಳು ಯಾಕೆ ಅಂತ ಓರಗಿತ್ತಿ ಕೇಳಿದಳು. ಗುಂಡೇಟು ಅಂದುಕೊಂಡಿದ್ದೆವು. ಅಲ್ಲ. ಕಲ್ಲಿಗೆ ಕಲ್ಲು ಹಿಡಿಸಲು ಒಳಗೆ ಕಬ್ಬಿಣದ ಕೊಂಡಿ ಹಾಕಿದ್ದರಂತೆ. ಸಾಮ್ರಾಜ್ಯ ಬಿದ್ದ ಮೇಲಿನ ಶತಮಾನಗಳಲ್ಲಿ ಜನ ಆ ಕಬ್ಬಿಣಕ್ಕಾಗಿ ಗೋಡೆ ಕೊರೆದು ಕಿತ್ತುಕೊಂಡು ಹೋದರು. ಕಲ್ಲನ್ನೂ ಬಿಡಲಿಲ್ಲ.

ಹೆಂಗಸರು ಎಲ್ಲಿ ಕೂರುತ್ತಿದ್ದರು ಗೊತ್ತಾ? ತುತ್ತತುದಿಯ ಅಂತಸ್ತಿನಲ್ಲಿ, ಮರದ ಹಲಗೆಯ ಮೇಲೆ. ಬಾಲ್ಕನಿ ಅಂತ ಸಂತೋಷಪಡಬೇಡಿ, ಅಲ್ಲಿಂದ ಕಣ ಅಂಗೈಯಷ್ಟು ಕಾಣುತ್ತದೆ. ಮುಂದಿನ ಸಾಲು ಸಿಗುತ್ತಿದ್ದದ್ದು ಅರಮನೆಯ ಹೆಂಗಸರಿಗೆ ಮತ್ತು ಆರು ಮಂದಿ ಪೂಜಾರಿಣಿಯರಿಗೆ. ಅವರ ಕಥೆಗೆ ಬರ್ತೀನಿ.

ಟಿಕೆಟ್ಟನ್ನು ಇಂಟರ್‌ನೆಟ್‌ನಲ್ಲಿ ಮುಂಚೆಯೇ ತೆಗೆಯಬೇಕು, ಗಂಟೆ ನಿಗದಿಯಾಗಿರುತ್ತದೆ. 2023ರ ಅಕ್ಟೋಬರ್‌ನಿಂದ ಟಿಕೆಟಿನ ಮೇಲೆ ಹೆಸರು ಕಡ್ಡಾಯ ಮಾಡಿದ್ದಾರೆ, ಆದ್ದರಿಂದ ಪಾಸ್‌ಪೋರ್ಟಿನಲ್ಲಿ ಇರುವ ಹೆಸರನ್ನೇ ಕೊಡಿ. ಮಗ ಅವಸರದಲ್ಲಿ ‘ಅಮ್ಮ’ ಅಂತ ಟೈಪ್ ಮಾಡಿ ಕಳಿಸಿದರೆ ಬಾಗಿಲಲ್ಲಿ ತೊಂದರೆ! ಮಂಡಿ ನೋವಿನವರು ಲಿಫ್ಟ್ ಎಲ್ಲಿದೆ ಅಂತ ಸಿಬ್ಬಂದಿಯನ್ನು ಕೇಳಿ, ಮೆಟ್ಟಿಲುಗಳು ಕಡಿದಾಗಿವೆ. ತಿಂಗಳ ಮೊದಲ ಭಾನುವಾರ ಸರ್ಕಾರಿ ಸ್ಮಾರಕಗಳಿಗೆ ಉಚಿತ ಪ್ರವೇಶ ಇರುತ್ತದೆ. ಆದರೆ ನನ್ನ ಮಾತು ಕೇಳಿ, ಆ ದಿನ ಹೋಗಬೇಡಿ. ಉಳಿದ ದುಡ್ಡಿಗಿಂತ ಕ್ಯೂನಲ್ಲಿ ಹೋದ ಜೀವ ಜಾಸ್ತಿ.

ಪಕ್ಕದ ಹಾಳು ಕಲ್ಲುಗಳಲ್ಲಿ ನಮ್ಮ ಕಥೆ

ಕೊಲೋಸಿಯಂ ಟಿಕೆಟಿನಲ್ಲೇ ಪಕ್ಕದ ರೋಮನ್ ಫೋರಂಗೂ ಪ್ರವೇಶ ಇದೆ. ಬಹಳ ಜನ ಬಿಸಿಲಿಗೆ ಬೇಸತ್ತು ‘ಬರೀ ಮುರಿದ ಕಂಬ’ ಅಂತ ಬಿಟ್ಟು ಬರುತ್ತಾರೆ. ದಯವಿಟ್ಟು ಬಿಡಬೇಡಿ. ರೋಮ್‌ನಲ್ಲಿ ಹೆಂಗಸರು ನೋಡಲೇಬೇಕಾದ ಜಾಗ ನನ್ನ ಪ್ರಕಾರ ಇದೇ.

ಕ್ರಿ.ಪೂ. 216ರಲ್ಲಿ ಹ್ಯಾನಿಬಲ್‌ನ ಕೈಯಲ್ಲಿ ರೋಮ್‌ನ ದೊಡ್ಡ ಸೈನ್ಯ ನಾಶವಾಯ್ತು. ಯುದ್ಧಕ್ಕೆ ದುಡ್ಡು ಬೇಕಲ್ಲ, ಮರುವರ್ಷವೇ ಒಂದು ಕಾನೂನು ಬಂತು: ಯಾವ ಹೆಂಗಸೂ ಅರ್ಧ ಔನ್ಸಿಗಿಂತ ಹೆಚ್ಚು ಚಿನ್ನ ಇಟ್ಟುಕೊಳ್ಳಬಾರದು, ಬಣ್ಣಬಣ್ಣದ ಬಟ್ಟೆ ತೊಡಬಾರದು, ಹಬ್ಬದ ಕಾರಣವಿಲ್ಲದೆ ಊರೊಳಗೆ ಕುದುರೆ ಗಾಡಿಯಲ್ಲಿ ಓಡಾಡಬಾರದು. ಅರ್ಧ ಔನ್ಸ್ ಅಂದ್ರೆ ಹದಿಮೂರು-ಹದಿನಾಲ್ಕು ಗ್ರಾಂ ಅಷ್ಟೇ, ಒಂದು ಜೊತೆ ಬಳೆಗೂ ಸಾಲದು. ಹೆಂಗಸರು ಸುಮ್ಮನೆ ಒಪ್ಪಿಕೊಂಡರು. ಯುದ್ಧ ಮುಗೀತು, ಗೆದ್ದದ್ದೂ ಆಯ್ತು, ಗಂಡಸರು ಮತ್ತೆ ಕೆಂಪಂಚಿನ ಬಟ್ಟೆ ತೊಟ್ಟು ಮೆರೆದದ್ದೂ ಆಯ್ತು. ಹೆಂಗಸರ ಮೇಲಿನ ಕಾನೂನು ಮಾತ್ರ ಹಾಗೇ ಉಳೀತು!

ಕ್ರಿ.ಪೂ. 195ರಲ್ಲಿ ಅದನ್ನು ತೆಗೆಯಬೇಕೋ ಬೇಡವೋ ಅಂತ ಚರ್ಚೆಗೆ ಬಂದಾಗ ರೋಮ್‌ನ ಹೆಂಗಸರು ಮನೆ ಬಿಟ್ಟು ಬೀದಿಗೆ ಬಂದರು. ಫೋರಂಗೆ ಹೋಗುವ ದಾರಿಗಳಲ್ಲೆಲ್ಲ ನಿಂತು, ಹೋಗಿ ಬರುವ ಗಂಡಸರನ್ನು ತಡೆದು ಕೇಳಿಕೊಂಡರು. ದಿನದಿಂದ ದಿನಕ್ಕೆ ಗುಂಪು ಬೆಳೆಯಿತು, ಸುತ್ತಲ ಹಳ್ಳಿಗಳಿಂದಲೂ ಬಂದರು. ಕೇಟೋ ಎಂಬ ದೊಡ್ಡ ಮನುಷ್ಯ ಭಾಷಣ ಹೊಡೆದ. ಇವತ್ತು ಇವರಿಗೆ ಸಮಾನತೆ ಕೊಟ್ಟರೆ ನಾಳೆ ನಮ್ಮ ತಲೆಯ ಮೇಲೆ ಕೂರುತ್ತಾರೆ ಅಂತ ಅವನ ವಾದ. (ಎಲ್ಲೋ ಕೇಳಿದ ಹಾಗಿದೆ ಅಲ್ವಾ?) ತಡೆ ಹಾಕುತ್ತಿದ್ದ ಇಬ್ಬರು ಅಧಿಕಾರಿಗಳ ಮನೆ ಬಾಗಿಲಿಗೇ ಹೆಂಗಸರು ಮುತ್ತಿಗೆ ಹಾಕಿದರು, ಅವರು ಮಣಿಯುವ ತನಕ ಕದಲಲಿಲ್ಲ. ಕಾನೂನು ರದ್ದಾಯಿತು.

ಇನ್ನೊಂದು ಪ್ರಸಂಗ ಕ್ರಿ.ಪೂ. 42ರದ್ದು. ಸೀಸರ್‌ನ ಕೊಲೆಯಾದ ಮೇಲೆ ಅಧಿಕಾರ ಹಿಡಿದ ಮೂವರು, ಯುದ್ಧದ ಖರ್ಚಿಗೆ 1400 ಶ್ರೀಮಂತ ಹೆಂಗಸರ ಆಸ್ತಿಯ ಮೇಲೆ ತೆರಿಗೆ ಹಾಕಿದರು. ಹೆಂಗಸರು ಮೊದಲು ಆ ಮೂವರ ಮನೆಯ ಹೆಂಗಸರ ಹತ್ತಿರ ಹೋದರು. ಆಂಟನಿಯ ತಾಯಿ ಕೂರಿಸಿ ಮಾತಾಡಿಸಿದಳು, ಅವನ ಹೆಂಡತಿ ಬಾಗಿಲಿನಿಂದಲೇ ಅಟ್ಟಿದಳು. ಆಮೇಲೆ ಹೊರ್ಟೆನ್ಸಿಯಾ ಎಂಬಾಕೆ ಎಲ್ಲರನ್ನೂ ಕರೆದುಕೊಂಡು ನೇರ ಫೋರಂಗೆ ಬಂದು, ಗಂಡಸರ ನಡುವೆ ನಿಂತು ಮಾತಾಡಿದಳು. ಅಧಿಕಾರದಲ್ಲಿ, ಗೌರವದಲ್ಲಿ ನಮಗೆ ಪಾಲಿಲ್ಲ ಅಂದಮೇಲೆ ನೀವು ನೀವೇ ಹೊಡೆದಾಡುವ ಯುದ್ಧಕ್ಕೆ ನಮ್ಮ ತೆರಿಗೆ ಯಾಕೆ ಎಂಬುದು ಅವಳ ಪ್ರಶ್ನೆ. ಮೂವರಿಗೂ ಸಿಟ್ಟು ಬಂತು. ಆದರೆ ನೆರೆದ ಜನ ಅವಳ ಕಡೆ ನಿಂತರು. ಮರುದಿನ 1400 ಇದ್ದದ್ದು 400ಕ್ಕೆ ಇಳಿಯಿತು, ಗಂಡಸರ ಮೇಲೂ ತೆರಿಗೆ ಬಿತ್ತು. ಅಲ್ಲಿ ನಿಂತಾಗ ಬಿಸಿಲು, ಕಾಲು ನೋವು ಎರಡೂ ಮರೆತುಹೋಯ್ತು ಕಣ್ರೀ. ಓರಗಿತ್ತಿ ಅಂತೂ ಒಂದು ಕಲ್ಲಿನ ಮೇಲೆ ಕೂತು, ‘ಈ ಕಥೆನ ನಮಗೆ ಹೈಸ್ಕೂಲಿನಲ್ಲಿ ಯಾಕೆ ಹೇಳಲಿಲ್ಲ ಅಕ್ಕಾ?’ ಅಂದಳು.

ಈಗ ಆ ಆರು ಪೂಜಾರಿಣಿಯರು. ಫೋರಂ ನಡುವೆ ಅರ್ಧ ದುಂಡಗಿನ ಬಿಳಿ ಕಂಬಗಳು ನಿಂತಿವೆ, ಅದು ವೆಸ್ತಾ ದೇವಿಯ ಗುಡಿ. ವೆಸ್ತಾ ಅಂದ್ರೆ ಒಲೆಯ ದೇವತೆ. ಊರಿನ ಒಲೆ ಆರಬಾರದು ಅಂತ ಅಲ್ಲಿ ಸದಾ ಬೆಂಕಿ ಉರಿಯುತ್ತಿತ್ತು, ಅದನ್ನು ಕಾಯುವವರು ಈ ಆರು ಕನ್ಯೆಯರು. ಆರರಿಂದ ಹತ್ತು ವರ್ಷದ ಹುಡುಗಿಯರನ್ನು ಆರಿಸಿ ತರುತ್ತಿದ್ದರು. ಹತ್ತು ವರ್ಷ ಕಲಿಯುವುದು, ಹತ್ತು ವರ್ಷ ಸೇವೆ, ಹತ್ತು ವರ್ಷ ಕಲಿಸುವುದು, ಒಟ್ಟು ಮೂವತ್ತು ವರ್ಷ. ಬೇರೆ ಹೆಂಗಸರಿಗಿಲ್ಲದ ಹಕ್ಕು ಇವರಿಗಿತ್ತು. ಯಾವ ಗಂಡಸಿನ ಸಹಿಯೂ ಇಲ್ಲದೆ ಸ್ವಂತ ಆಸ್ತಿ ನೋಡಿಕೊಳ್ಳಬಹುದು, ವಿಲ್ ಬರೆಯಬಹುದು. ವ್ರತ ಕೆಟ್ಟಿತು ಅಂತ ತೀರ್ಪಾದರೆ ಮಾತ್ರ ಜೀವಂತ ಹುಗಿಯುತ್ತಿದ್ದರು. ಅವರ ಮನೆಯ ಅಂಗಳ ಈಗಲೂ ಇದೆ, ನಡುವೆ ಕೊಳ, ಪಕ್ಕದಲ್ಲಿ ತಲೆಯಿಲ್ಲದ ಕಲ್ಲಿನ ಮೂರ್ತಿಗಳ ಸಾಲು. ಆರು ವರ್ಷದ ಮಗುವನ್ನು ಕಳಿಸಿಕೊಟ್ಟ ತಾಯಂದಿರ ನೆನಪಾಗಿ ಗಂಟಲು ಕಟ್ಟಿತು.

ಹೊರಡುವ ಮುನ್ನ ಇನ್ನೊಂದು. ಇದೇ ಫೋರಂನ ಪಕ್ಕ ಡೊಮಿಷಿಯನ್ ಚಕ್ರವರ್ತಿ ಕಟ್ಟಿಸಿದ ಕರಿಮೆಣಸಿನ ಉಗ್ರಾಣ ಇತ್ತು. ಮೆಣಸು ಎಲ್ಲಿಂದ ಬರಬೇಕು ಹೇಳಿ? ನಮ್ಮ ಮಲಬಾರ್ ಕರಾವಳಿಯಿಂದಲೇ! ಬದಲಿಗೆ ರೋಮ್‌ನಿಂದ ಚಿನ್ನ, ಬೆಳ್ಳಿಯ ನಾಣ್ಯ ಹಡಗಿನಲ್ಲಿ ಬರುತ್ತಿತ್ತು. ಪ್ಲಿನಿ ಎಂಬ ಪಂಡಿತ ಇದನ್ನು ಕಂಡು, ನಮ್ಮ ಶೋಕಿಗೂ ನಮ್ಮ ಹೆಂಗಸರಿಗೂ ಆಗುವ ಖರ್ಚು ನೋಡಿ ಅಂತ ಗೊಣಗಿದ್ದಾನೆ. ಆ ಕಾಲದ ರೋಮನ್ ನಾಣ್ಯಗಳು ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಅಷ್ಟೇ ಯಾಕೆ, ಬೆಂಗಳೂರಿನ ಯಶವಂತಪುರದಲ್ಲೂ ಸಿಕ್ಕಿವೆ. ಕ್ರಿ.ಶ. 408ರಲ್ಲಿ ಅಲಾರಿಕ್ ಎಂಬ ಗೋಥರ ನಾಯಕ ರೋಮ್‌ಗೆ ಮುತ್ತಿಗೆ ಹಾಕಿ ಕೇಳಿದ ಕಪ್ಪದಲ್ಲಿ ಚಿನ್ನ ಬೆಳ್ಳಿಯ ಜೊತೆ 3 ಸಾವಿರ ಪೌಂಡ್ ಮೆಣಸೂ ಇತ್ತು. ನಮ್ಮ ಸಾರಿನ ಪುಡಿಯ ಡಬ್ಬಿಯನ್ನು ಇನ್ನು ಮೇಲೆ ಸ್ವಲ್ಪ ಗೌರವದಿಂದ ನೋಡೋಣ.

ಗೋಪುರದ ತೂತು, ಕಾರಂಜಿಯ ಕಾಸು

ಪ್ಯಾಂಥಿಯನ್‌ಗೆ ಸಾಧ್ಯವಾದರೆ ಮಧ್ಯಾಹ್ನದ ಹೊತ್ತು ಹೋಗಿ. ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, ಕ್ರಿ.ಶ. 126ರ ಸುಮಾರಿಗೆ ಮುಗಿದ ಗುಡಿ ಇದು, 609ರಿಂದ ಚರ್ಚ್ ಆಗಿದೆ. 43 ಮೀಟರಿಗೂ ಅಗಲವಾದ ಗುಮ್ಮಟ, ನೆಲದಿಂದ ಎತ್ತರವೂ ಅಷ್ಟೇ. ಒಳಗೆ ಒಂದು ಕಬ್ಬಿಣದ ಸರಳಿಲ್ಲ, ಬರೀ ಗಾರೆ. ಮೇಲೆ ಮೇಲೆ ಹೋದಂತೆ ಹಗುರವಾದ ಕಲ್ಲಿನ ಚೂರು ಬೆರೆಸಿ, ಗೋಡೆಯನ್ನು ತೆಳ್ಳಗೆ ಮಾಡುತ್ತಾ ಹೋಗಿದ್ದಾರೆ. ನೆತ್ತಿಯಲ್ಲಿ ತೆರೆದ ದುಂಡು ಕಿಂಡಿ, ಅದರಿಂದ ಬಿಸಿಲಿನ ಕೋಲು ಗೋಡೆಯ ಮೇಲೆ ಮೆಲ್ಲಗೆ ಸರಿಯುತ್ತದೆ. ಮಳೆ ಬಂದರೆ ಒಳಗೇ ಬೀಳುತ್ತದೆ, ನೀರು ಹೋಗಲು ನೆಲದಲ್ಲಿ ಸಣ್ಣ ತೂತುಗಳಿವೆ. ನಮ್ಮ ಹಳೇ ತೊಟ್ಟಿಮನೆಯಲ್ಲಿ ಬೆಳೆದವರಿಗೆ ಇದು ಹೊಸದೇನಲ್ಲ! 2023ರ ಜುಲೈನಿಂದ ಟಿಕೆಟ್ ಇಟ್ಟಿದ್ದಾರೆ. ಚಿತ್ರಕಾರ ರಾಫೆಲ್‌ನ ಸಮಾಧಿ ಇಲ್ಲೇ ಇದೆ.

ಅಲ್ಲಿಂದ ನಡೆದೇ ಟ್ರೆವಿ ಕಾರಂಜಿಗೆ ಹೋಗಬಹುದು. 1762ರಲ್ಲಿ ಮುಗಿದದ್ದು. ನೀರು ಬರುವ ದಾರಿ ಮಾತ್ರ ಕ್ರಿ.ಪೂ. 19ರ ಕಾಲುವೆಯದ್ದು. ಬೆನ್ನು ತಿರುಗಿಸಿ, ಬಲಗೈಯಲ್ಲಿ ಎಡ ಹೆಗಲ ಮೇಲಿಂದ ಕಾಸು ಎಸೆದರೆ ಮತ್ತೆ ರೋಮ್‌ಗೆ ಬರ್ತೀರಿ ಅಂತ ನಂಬಿಕೆ. ಆ ಕಾಸೆಲ್ಲ ಬಡವರ ಸೇವೆ ಮಾಡುವ ಚರ್ಚಿನ ಸಂಸ್ಥೆಗೆ ಹೋಗುತ್ತದೆ, ಹಾಗಾಗಿ ಎಸೆಯಲು ಬೇಜಾರು ಬೇಡ. ನಾನಂತೂ ಮೊದಲ ಸಲ ಬಸ್ಸು ತಪ್ಪುತ್ತೆ ಅಂತ ಎಸೆಯಲೇ ಇಲ್ಲ, ಆದರೂ ಮತ್ತೆ ಹೋದೆ! ಜನಜಂಗುಳಿ ತಡೆಯಲಾಗದೆ 2024ರ ಡಿಸೆಂಬರ್‌ನಲ್ಲಿ ಒಂದು ಸಲಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿದರು, 2026ರ ಫೆಬ್ರುವರಿಯಿಂದ ನೀರಿನ ಹತ್ತಿರ ಇಳಿಯುವ ಪ್ರವಾಸಿಗರಿಗೆ 2 ಯೂರೋ ಟಿಕೆಟ್. ದೂರದಿಂದ ನೋಡಲು ದುಡ್ಡಿಲ್ಲ. ಬೆಳಗಿನ ಆರೂವರೆಗೆ ಎದ್ದು ಹೋದರೆ ನೀರಿನ ಸದ್ದೂ ಕೇಳುತ್ತದೆ.

ಸ್ಪ್ಯಾನಿಷ್ ಮೆಟ್ಟಿಲು ಅಂತ ಇನ್ನೊಂದು ಜಾಗವಿದೆ, ದಾರಿಯಲ್ಲಿ ಸಿಕ್ಕರೆ ನೋಡಿ. ಸುಸ್ತಾಯ್ತು ಅಂತ ಮೆಟ್ಟಿಲ ಮೇಲೆ ಮಾತ್ರ ಕೂರಬೇಡಿ. 2019ರಿಂದ ಕೂತರೆ ದಂಡ, ಪೊಲೀಸರು ಸೀಟಿ ಊದುತ್ತಾ ನಿಂತಿರುತ್ತಾರೆ.

ಬಿಸಿಲು ಏರಿದ ಮೇಲೆ ಎಲ್ಲಿಗೆ ಹೋಗೋದು? ಟರ್ಮಿನಿ ರೈಲು ನಿಲ್ದಾಣದ ಎದುರಿಗೇ ಪಲಾಟ್ಸೊ ಮಾಸ್ಸಿಮೊ ಎಂಬ ವಸ್ತುಸಂಗ್ರಹಾಲಯ ಇದೆ (ಸೋಮವಾರ ರಜ). ಟೂರ್ ಬಸ್ಸುಗಳು ಇಲ್ಲಿ ನಿಲ್ಲುವುದೇ ಇಲ್ಲ. ಅಗಸ್ಟಸ್‌ನ ಹೆಂಡತಿ ಲಿವಿಯಾಳ ತೋಟದ ಮನೆಯಲ್ಲಿದ್ದ ಒಂದು ಕೋಣೆಯ ಗೋಡೆಗಳನ್ನೇ ತಂದು ಮೇಲಿನ ಮಹಡಿಯಲ್ಲಿ ಜೋಡಿಸಿದ್ದಾರೆ. ನಾಲ್ಕೂ ಗೋಡೆಗೆ ಒಂದೇ ತೋಟದ ಚಿತ್ರ. ದಾಳಿಂಬೆ ಗಿಡ, ಹೂವು, ಹಕ್ಕಿಗಳು, ಹಿಂದೆ ತಿಳಿನೀಲಿ. ನೆಲಮಟ್ಟಕ್ಕಿಂತ ತಗ್ಗಿನಲ್ಲಿದ್ದ ತಂಪು ಕೋಣೆಯಂತೆ ಅದು. ಎರಡು ಸಾವಿರ ವರ್ಷದ ಹಿಂದಿನ ಬಣ್ಣ ಅಂದ್ರೆ ನಂಬೋಕಾಗಲ್ಲ. ಅಲ್ಲಿ ಬೆಂಚಿದೆ, ನಾವು ಮುಕ್ಕಾಲು ಗಂಟೆ ಕೂತಿದ್ದೆವು.

ವ್ಯಾಟಿಕನ್‌ನಲ್ಲಿ ಮೊದಲು ಬಲಕ್ಕೆ ತಿರುಗಿ

ಅರ್ಧ ಚದರ ಕಿಲೋಮೀಟರೂ ಇಲ್ಲದ, ಜಗತ್ತಿನ ಅತಿ ಚಿಕ್ಕ ದೇಶ ಇದು. ಸಂತ ಪೀಟರ್ ಚರ್ಚಿಗೆ ಪ್ರವೇಶ ಉಚಿತ, ತಪಾಸಣೆಯ ಸಾಲು ಮಾತ್ರ ಉದ್ದ. ಬೆಳಗ್ಗೆ ಏಳಕ್ಕೇ ಹೋಗಿ. ಭುಜ, ಮಂಡಿ ಮುಚ್ಚಿರಬೇಕು. ತೋಳಿಲ್ಲದ ರವಿಕೆ ಹಾಕುವವರು ಒಂದು ಶಾಲು ಇಟ್ಟುಕೊಳ್ಳಿ. ಗುಮ್ಮಟ ಹತ್ತಲು 551 ಮೆಟ್ಟಿಲು, ಲಿಫ್ಟ್ ತೆಗೆದುಕೊಂಡರೂ ಮುನ್ನೂರಕ್ಕೂ ಮೇಲೆ ಉಳಿಯುತ್ತದೆ. ಕೊನೆಯಲ್ಲಿ ಗೋಡೆ ವಾಲಿ ದಾರಿ ಇಕ್ಕಟ್ಟಾಗುತ್ತದೆ. ಉಸಿರಾಟದ ತೊಂದರೆ ಇದ್ದವರು ಹಟ ಮಾಡಬೇಡಿ.

ಚರ್ಚಿನ ಒಳಗೆ ಕಾಲಿಟ್ಟ ಕೂಡಲೇ ಎಲ್ಲರೂ ಬಾಯಿ ಬಿಟ್ಟುಕೊಂಡು ನೇರ ನಡೆಯುತ್ತಾರೆ. ನೀವು ಮೊದಲು ಬಲಕ್ಕೆ ತಿರುಗಿ. ಗಾಜಿನ ಹಿಂದೆ ‘ಪಿಯೆತಾ’ ಇದೆ. ಸತ್ತ ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡ ತಾಯಿ ಮೇರಿ. ಮೈಕೆಲೆಂಜೆಲೊ ಇದನ್ನು ಮುಗಿಸಿದಾಗ ಅವನಿಗೆ ಇಪ್ಪತ್ನಾಲ್ಕರ ಆಸುಪಾಸು. ತಾಯಿಯ ಮುಖ ನೋಡಿ, ಮಗನಿಗಿಂತ ಚಿಕ್ಕವಳ ಹಾಗಿದ್ದಾಳೆ. ಅಳುತ್ತಿಲ್ಲ, ಎದೆ ಬಡಿದುಕೊಳ್ಳುತ್ತಿಲ್ಲ. ಬಲಗೈ ಮಗನ ಕಂಕುಳನ್ನು ಹಿಡಿದಿದೆ, ಹಿಡಿದಲ್ಲಿ ಅಮೃತಶಿಲೆಯ ಚರ್ಮ ಒತ್ತಿಕೊಂಡಿದೆ! ಎಡಗೈ ಮಾತ್ರ ಬರಿದಾಗಿ ತೆರೆದುಕೊಂಡಿದೆ. ಮಲಗಿದ ಮಗುವನ್ನು ಎತ್ತಿಕೊಂಡ ಕೈಗೆ ಆ ಭಾರ ಹೇಗಿರುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನನ್ನ ಪಕ್ಕ ನಿಂತಿದ್ದ, ಯಾವ ದೇಶದವಳೋ ಗೊತ್ತಿಲ್ಲ, ಒಬ್ಬ ಹೆಂಗಸು ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೆ ಭಾಷೆ ಬರದು, ಅವಳ ಕೈ ಒತ್ತಿದೆ, ಅಷ್ಟೇ. 1972ರಲ್ಲಿ ಒಬ್ಬ ಸುತ್ತಿಗೆಯಿಂದ ಈ ಮೂರ್ತಿಯನ್ನು ಹೊಡೆದು ಮೇರಿಯ ಮೂಗು, ತೋಳು ಮುರಿದಿದ್ದ. ಚೂರುಗಳನ್ನು ಜೋಡಿಸಿ ಸರಿಮಾಡಿದರು, ಗಾಜು ಬಂದದ್ದು ಆಗಲೇ.

ಸಿಸ್ಟೀನ್ ಚಾಪೆಲ್ ಇರುವುದು ವ್ಯಾಟಿಕನ್ ಮ್ಯೂಸಿಯಮ್ಮಿನ ಒಳಗೆ, ಅದರ ಬಾಗಿಲು, ಟಿಕೆಟ್ ಎರಡೂ ಬೇರೆ. ಭಾನುವಾರ ಮುಚ್ಚಿರುತ್ತದೆ, ತಿಂಗಳ ಕೊನೆಯ ಭಾನುವಾರ ಮಾತ್ರ ತೆರೆದಿರುತ್ತದೆ. 1508ರಿಂದ 1512ರವರೆಗೆ ಮೈಕೆಲೆಂಜೆಲೊ ಆ ಚಾವಣಿಗೆ ಬಣ್ಣ ಹಚ್ಚಿದ. ಮಲಗಿಕೊಂಡು ಬರೆದ ಅಂತ ಎಲ್ಲರೂ ಹೇಳ್ತಾರೆ, ಆದರೆ ಅವನು ಅಟ್ಟಣೆಯ ಮೇಲೆ ನಿಂತು, ಕತ್ತು ಹಿಂದಕ್ಕೆ ಬಗ್ಗಿಸಿಯೇ ಬರೆದದ್ದು. ನಿಮ್ಮ ಕತ್ತೂ ನೋಯುತ್ತದೆ, ಗೋಡೆ ಬದಿಯ ಬೆಂಚು ಸಿಕ್ಕರೆ ಬಿಡಬೇಡಿ. ಅಲ್ಲಿ ಫೋಟೊ ತೆಗೆಯುವಂತಿಲ್ಲ. ಅದೇ ಒಳ್ಳೆಯದಾಯ್ತು, ಎಲ್ಲರೂ ಕಣ್ಣಿನಲ್ಲೇ ನೋಡ್ತಾರೆ.

ಹೂವಿನ ಬಜ್ಜಿ ನೋಡಿ ಮೋಸ ಹೋಗಬೇಡಿ

ಸಸ್ಯಾಹಾರಿಗಳಿಗೆ ರೋಮ್ ಕಷ್ಟವಲ್ಲ, ಆದರೆ ಕಣ್ಣು ತೆರೆದಿರಬೇಕು. ನಮ್ಮ ಕುಂಬಳ ಹೂವಿನ ಬಜ್ಜಿಯ ಥರವೇ ಅಲ್ಲೊಂದು ತಿಂಡಿಯಿದೆ, ನೋಡಿದರೆ ಅಜ್ಜಿ ಮನೆ ನೆನಪಾಗುತ್ತದೆ. ಕೊಂಡಿರೋ ಕೆಟ್ಟಿರಿ, ಒಳಗೆ ಚೀಸ್ ಜೊತೆ ಆಂಚೊವಿ ಮೀನು! ಸುಪ್ಲಿ ಎಂಬ ಅನ್ನದ ಬೋಂಡಾದಲ್ಲೂ ಸಾಮಾನ್ಯವಾಗಿ ಮಾಂಸದ ಸಾಸ್ ಇರುತ್ತದೆ. ಕಾರ್ಬೊನಾರಾ, ಅಮಾತ್ರಿಚಾನಾ ಎರಡರಲ್ಲೂ ಹಂದಿ ಮಾಂಸ. ತರಕಾರಿ ಸೂಪಿಗೂ ಮಾಂಸದ ನೀರು ಹಾಕಿರಬಹುದು, ಕೇಳಿಕೊಳ್ಳಿ. ‘ಸೆನ್ಸಾ ಕಾರ್ನೆ, ಸೆನ್ಸಾ ಪೆಶೆ’ ಅಂದರೆ ಮಾಂಸ ಬೇಡ, ಮೀನು ಬೇಡ ಅಂತ. ಇಷ್ಟು ಬಾಯಿಪಾಠ ಮಾಡಿಕೊಂಡರೆ ಸಾಕು.

ತಿನ್ನಬಹುದಾದದ್ದು ಬೇಕಾದಷ್ಟಿದೆ. ಕತ್ತರಿಸಿ ತೂಕ ಮಾಡಿ ಕೊಡುವ ಪಿಜ್ಜಾ ಅಂಗಡಿಗಳಲ್ಲಿ ಬೆರಳು ತೋರಿಸಿ ಇಷ್ಟೇ ಸಾಕು ಅಂತ ಕೊಳ್ಳಬಹುದು. ‘ಕಾಚೊ ಎ ಪೆಪೆ’ ಅಂತ ಚೀಸ್ ಮತ್ತು ಕರಿಮೆಣಸು ಎರಡೇ ಹಾಕಿದ ಪಾಸ್ತಾ ರೋಮ್‌ನ ಹೆಮ್ಮೆ. ಫೋರಂ ನೋಡಿ ಬಂದ ದಿನ ಅದನ್ನೇ ತಿಂದೆವು. ಒಂದು ಮಾತು, ಅಲ್ಲಿನ ಪೆಕೊರಿನೊ ಚೀಸ್ ಮಾಡಲು ಕುರಿಮರಿಯ ಹೊಟ್ಟೆಯ ರೆನ್ನೆಟ್ ಬಳಸುತ್ತಾರೆ. ಕಟ್ಟುನಿಟ್ಟಿನವರು ಚೀಸ್ ಇಲ್ಲದ, ಟೊಮೆಟೊ-ಬೆಳ್ಳುಳ್ಳಿಯ ‘ಮರಿನಾರಾ’ ಪಿಜ್ಜಾ ತಿನ್ನಿ. ಕಾಫಿಯನ್ನು ಕಟ್ಟೆಯ ಹತ್ತಿರ ನಿಂತೇ ಕುಡಿಯಿರಿ, ಕೂತರೆ ಬೆಲೆ ಏರುತ್ತದೆ. ಕಾಫಿ ಕುಡಿದ ಅಂಗಡಿಯಲ್ಲೇ ಟಾಯ್ಲೆಟ್ ಕೇಳಿ, ಊರಲ್ಲಿ ಬೇರೆ ಕಡೆ ಹುಡುಕುವುದು ಕಷ್ಟ.

ನೀರಿಗೆ ದುಡ್ಡು ಕೊಡಲೇಬೇಡಿ! ರೋಮ್ ಬೀದಿಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಬ್ಬಿಣದ ನಲ್ಲಿಗಳಿವೆ. ‘ನಸೋನಿ’, ಅಂದ್ರೆ ದೊಡ್ಡ ಮೂಗು. ಸದಾ ತಣ್ಣಗಿನ ಕುಡಿಯುವ ನೀರು ಸುರಿಯುತ್ತಿರುತ್ತದೆ. ಮೂಗಿನ ತುದಿಯನ್ನು ಬೆರಳಿಂದ ಮುಚ್ಚಿದರೆ ಮೇಲಿನ ಸಣ್ಣ ತೂತಿಂದ ನೀರು ಚಿಮ್ಮುತ್ತದೆ, ಹಾಗೇ ಬಾಯಿ ಹಾಕದೆ ಕುಡಿಯಬಹುದು. ಸ್ಟೀಲ್ ಬಾಟಲಿ ಒಂದಿರಲಿ. ಭಾನುವಾರ ಬಿಟ್ಟು ಬೇರೆ ದಿನ ಬೆಳಗ್ಗೆ ಕಾಂಪೊ ದೆ ಫಿಯೋರಿ ಚೌಕದ ಸಂತೆಗೆ ಒಂದು ಸುತ್ತು ಹೋಗಿ ಬನ್ನಿ. ನಡುವೆ ನಿಂತ ಮುಸುಕಿನ ಪ್ರತಿಮೆ ಜಿಯೊರ್ಡಾನೊ ಬ್ರೂನೊದು. ಬ್ರಹ್ಮಾಂಡಕ್ಕೆ ಎಲ್ಲೆಯಿಲ್ಲ ಅಂದವನನ್ನು ಧರ್ಮದ್ರೋಹಿ ಅಂತ 1600ರಲ್ಲಿ ಅಲ್ಲೇ ಸುಟ್ಟರು. ಅವನ ಕಾಲ ಬಳಿ ಈಗ ಟೊಮೆಟೊ ಮಾರುತ್ತಾರೆ.

ಒಳಲಂಗಕ್ಕೆ ಜಿಪ್ ಹೊಲಿಸಿ

ಜೇಬುಗಳ್ಳರ ವಿಷಯ ಉತ್ಪ್ರೇಕ್ಷೆಯಲ್ಲ. ಟರ್ಮಿನಿ ಮೆಟ್ರೊ, ವ್ಯಾಟಿಕನ್ ಕಡೆ ಹೋಗುವ 64ನೇ ನಂಬರ್ ಬಸ್ಸು, ಇವೆರಡಕ್ಕೆ ಅದೇ ಖ್ಯಾತಿ. ಕೈಚೀಲ ಹೊಟ್ಟೆಯ ಮುಂದಿರಲಿ. ನನ್ನ ಉಪಾಯ ಹೇಳ್ತೀನಿ: ಹೊರಡುವ ಮುಂಚೆ ನಿಮ್ಮ ಟೈಲರ್ ಹತ್ತಿರ ಒಳಲಂಗಕ್ಕೆ ಅಥವಾ ಪ್ಯಾಂಟಿನ ಒಳಬದಿಗೆ ಜಿಪ್ ಇರುವ ಜೇಬು ಹೊಲಿಸಿಕೊಳ್ಳಿ. ಪಾಸ್‌ಪೋರ್ಟ್, ದೊಡ್ಡ ನೋಟು ಅದರೊಳಗೆ. ಬಳೆ, ಸರ ಮನೆಯಲ್ಲೇ ಬಿಟ್ಟು ಹೋಗಿ. ಮಾಂಗಲ್ಯ ತೆಗೆಯಲು ಮನಸ್ಸು ಒಪ್ಪದಿದ್ದರೆ ಕರಿಮಣಿಯ ಸಣ್ಣ ಸರಕ್ಕೆ ಪೋಣಿಸಿ ಒಳಗೆ ಹಾಕಿಕೊಳ್ಳಿ. ‘ಗಿಫ್ಟ್, ಗಿಫ್ಟ್’ ಅಂತ ಕೈಗೆ ದಾರ ಕಟ್ಟಲು, ಗುಲಾಬಿ ಕೊಡಲು ಬರುವವರಿಗೂ, ಗ್ಲಾಡಿಯೇಟರ್ ವೇಷ ಹಾಕಿ ಪಕ್ಕ ನಿಲ್ಲುವವರಿಗೂ ತಲೆ ಅಲ್ಲಾಡಿಸಿ ಮುಂದೆ ನಡೆಯಿರಿ. ಆಮೇಲೆ ದುಡ್ಡು ಕೇಳುತ್ತಾರೆ. ಅಪಾಯವೇನಾದರೂ ಆದರೆ 112ಕ್ಕೆ ಫೋನ್. ಹಸಿರು ಶಿಲುಬೆ ಕಂಡರೆ ಔಷಧಿ ಅಂಗಡಿ.

ಸಂಜೆ ಏನೂ ಕೆಲಸವಿಲ್ಲದಿದ್ದರೆ ಕಾಂಪಿದೋಲಿಯೊ ಗುಡ್ಡ ಹತ್ತಿ, ಮೇಲಿನ ಚೌಕವನ್ನು ದಾಟಿ ಹಿಂಬದಿಗೆ ಹೋಗಿ. ಅಲ್ಲಿಂದ ಇಡೀ ಫೋರಂ ಕೆಳಗೆ ಕಾಣುತ್ತದೆ, ಟಿಕೆಟ್ ಬೇಡ. ದೀಪ ಹತ್ತಿದ ಮೇಲೆ ಹೊರ್ಟೆನ್ಸಿಯಾ ಮಾತಾಡಿದ ಜಾಗ ಯಾವುದು ಅಂತ ನೀವೇ ಹುಡುಕಿ.

ವಾಪಸ್ ಬರುವಾಗ ಟರ್ಮಿನಿಯಿಂದ ಫಿಯುಮಿಚಿನೊ ವಿಮಾನ ನಿಲ್ದಾಣಕ್ಕೆ ನೇರ ರೈಲಿದೆ, ಅರ್ಧ ಗಂಟೆಯ ದಾರಿ. ಮೂರು-ನಾಲ್ಕು ಜನ ಇದ್ದರೆ ಟ್ಯಾಕ್ಸಿಯೇ ವಾಸಿ, ಹಳೇ ಕೋಟೆಗೋಡೆಯ ಒಳಗಿನಿಂದ ವಿಮಾನ ನಿಲ್ದಾಣಕ್ಕೆ ನಗರಸಭೆಯೇ ದರ ನಿಗದಿ ಮಾಡಿದೆ, ಹತ್ತುವ ಮುಂಚೆ ಹೋಟೆಲಿನವರ ಹತ್ತಿರ ಎಷ್ಟು ಅಂತ ಕೇಳಿಕೊಳ್ಳಿ. ಅಲ್ಲಿ ರೈಲು, ಬಸ್ಸಿನವರ ಮುಷ್ಕರಗಳು ಆಗಾಗ ನಡೆಯುತ್ತವೆ, ಶುಕ್ರವಾರ ಸ್ವಲ್ಪ ಜಾಸ್ತಿ. ಹಿಂದಿನ ದಿನವೇ ವಿಚಾರಿಸಿ, ಮುಷ್ಕರ ಇದ್ದರೆ ರಾತ್ರಿಯೇ ಟ್ಯಾಕ್ಸಿ ಹೇಳಿಟ್ಟುಬಿಡಿ.